ಪಲ್ಲ ನಿಂತಿತು, ನುಡಿ ನಡೆಯಿತು

ಬೈಲಹೊಂಗಲ ಸೀಮೆಯ ಊರಲ್ಲಿ ಜಾತ್ರೆಯ ರಾತ್ರಿ ಗೀಗೀ ಮೇಳ ನಿಂತಿತೆಂದರೆ ಮೊದಲು ಏಳುವುದು ತುಂತುಣಿಯ ಸದ್ದು. ತುಂತುಣಿಗೆ ಇರುವುದು ಒಂದು ತಂತಿ, ಆ ತಂತಿಗೆ ಗೊತ್ತಿರುವುದು ಒಂದು ಸ್ವರ. ಅದರ ಮೇಲೆ ಡಪ್ಪಿನ ಪೆಟ್ಟು ಬೀಳುತ್ತದೆ, ತಾಳ ಕೂಡಿಕೊಳ್ಳುತ್ತದೆ. ಮುಂದಿನ ಹಾಡುಗಾರ ಪಲ್ಲ ಎತ್ತುತ್ತಾನೆ. ಹಿಂದೆ ನಿಂತ ಇಬ್ಬರು ಅದನ್ನು ಹಿಡಿದು, ಗೀ ಗೀ ಎಂದು ಎಳೆದು, ಮತ್ತೆ ಅವನ ಕೈಗೇ ಕೊಡುತ್ತಾರೆ. ಅಲ್ಲಿಂದ ಕಥೆ ಹೊರಡುತ್ತದೆ. ಒಂದು ನುಡಿ ಮುಗಿದರೆ ಪಲ್ಲ, ಇನ್ನೊಂದು ನುಡಿ ಮುಗಿದರೆ ಮತ್ತೆ ಅದೇ ಪಲ್ಲ. ಬೆಳಗಿನ ಜಾವದ ಹೊತ್ತಿಗೆ ಆ ಸಾಲನ್ನು ಕಂಬಳಿ ಹೊದ್ದು ಕೂತ ಮುದುಕನೂ ತಾಯಿಯ ತೊಡೆಯ ಮೇಲೆ ಅರ್ಧ ನಿದ್ದೆಯಲ್ಲಿರುವ ಮಗುವೂ ಕಲಿತುಬಿಟ್ಟಿರುತ್ತಾರೆ.

ಕಿತ್ತೂರು ನಾಡಿನ ಎರಡು ಶತಮಾನಗಳ ಇತಿಹಾಸ ಬಹುಪಾಲು ಹೀಗೆಯೇ ನಮ್ಮವರೆಗೆ ಬಂದಿದೆ. ಕಲೆಕ್ಟರನ ದಫ್ತರದಲ್ಲಿ, ಸೈನ್ಯದ ವರದಿಯಲ್ಲಿ ಗೆದ್ದವರ ಮಾತು ಉಳಿಯಿತು. ಸೋತವರ ಮಾತು ಉಳಿದದ್ದು ಪಲ್ಲದಲ್ಲಿ. ಆ ಪಲ್ಲದ ಕಥೆಯನ್ನು ಕಾಲದಿಂದ ಕಾಲಕ್ಕೆ ಹೇಳುವುದು ಈ ಲೇಖನದ ಕೆಲಸ.

ಕಟ್ಟು

ಗೀಗೀ ಮೇಳ ಹಾಡುವ ಲಾವಣಿಯ ಕಟ್ಟು ಬಲು ಗಟ್ಟಿ. ಮೊದಲು ಪಲ್ಲ. ಅದರಲ್ಲಿ ಯಾವ ಊರಿನ ಸುದ್ದಿ, ಯಾರ ಸುದ್ದಿ ಎಂಬ ಸಾರ ಇರುತ್ತದೆ. ಆಮೇಲೆ ನುಡಿ. ನುಡಿಯ ನಡುವೆ ಚ್ಯಾಲ ಬರುತ್ತದೆ, ಅಂದರೆ ನಡಿಗೆ ಬದಲಾಗಿ ಮಾತು ದುಡುದುಡು ಓಡುತ್ತದೆ. ಬಳಿಕ ಏರು, ದನಿ ಮೇಲಕ್ಕೆ ಹೋಗಿ ನಿಲ್ಲುವ ಜಾಗ. ಅಲ್ಲಿಂದ ಇಳಿದು ಕೂಡುಪಲ್ಲ. ಹೆಸರೇ ಹೇಳುವಂತೆ, ಹೊಸ ನುಡಿಯನ್ನು ಹಳೆಯ ಪಲ್ಲಕ್ಕೆ ಕೂಡಿಸುವ ಸೇತುವೆ ಅದು. ಕಡೆಯ ನುಡಿಯಲ್ಲಿ ಕವಿ ತನ್ನ ಊರನ್ನೂ ಗುರುವನ್ನೂ ನೆನೆದು ಅಂಕಿತ ಹಾಕುತ್ತಾನೆ.

ಪಲ್ಲ ಮೂರು ಕೆಲಸ ಮಾಡುತ್ತದೆ. ಹಿಮ್ಮೇಳ ಅದನ್ನು ಹೇಳುವಷ್ಟು ಹೊತ್ತು ಹಾಡುಗಾರನಿಗೆ ಉಸಿರು ಸಿಗುತ್ತದೆ, ಮುಂದಿನ ನುಡಿ ನೆನಪಿಗೆ ಬರುತ್ತದೆ. ಕೇಳುವವರಿಗೆ ಆಗಲೇ ಕೇಳಿದ್ದನ್ನು ಅರಗಿಸಿಕೊಳ್ಳಲು ಬಿಡುವು ಸಿಗುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಪಲ್ಲದ ಮಾತು ಬದಲಾಗುವುದಿಲ್ಲ, ಧಾಟಿ ಬದಲಾಗುವುದಿಲ್ಲ, ಆದರೆ ಪ್ರತಿ ಸಲ ಅದರ ಅರ್ಥ ಬೇರೆಯಾಗುತ್ತದೆ. ವೀರ ಗೆದ್ದ ನುಡಿಯ ಬೆನ್ನಿಗೆ ಬಂದಾಗ ಅದು ಜಯಘೋಷ. ಅವನು ಗಲ್ಲಿಗೇರಿದ ನುಡಿಯ ಬೆನ್ನಿಗೆ ಅದೇ ಮಾತು, ಅದೇ ಧಾಟಿ ಬಂದಾಗ ಕೇಳುವವರ ಗಂಟಲು ಕಟ್ಟುತ್ತದೆ.

ಈ ಕಟ್ಟಿನ ಬೇರು ಲಾವಣಿಗಿಂತ ಹಿಂದಕ್ಕೆ ಇಳಿಯುತ್ತದೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಹೋದವರು ಚೌಡಿಕೆ ಕೇಳಿಯೇ ಇರುತ್ತಾರೆ. ಕೊಳಗದಂಥ ಮರದ ಒಡಲು, ಕೆಳಗೆ ಬಿಗಿದ ಚರ್ಮ, ಅದರಿಂದ ಹೊರಟು ಕೋಲಿಗೆ ಬಿಗಿದ ಒಂದೇ ತಂತಿ. ಜೋಗತಿ ಆ ತಂತಿ ಮಿಡಿಯುತ್ತ ರೇಣುಕೆಯ ಕಥೆಯನ್ನು ನುಡಿನುಡಿಯಾಗಿ ಬಿಚ್ಚುತ್ತಾಳೆ. ಜೊತೆಯವರು ಸೊಲ್ಲು ತಿರುಗಿಸುತ್ತಾರೆ, ಜನ ಉಧೋ ಉಧೋ ಎನ್ನುತ್ತಾರೆ. ತುಂತುಣಿ ಮತ್ತು ಚೌಡಿಕೆ ಒಡಹುಟ್ಟಿದ ವಾದ್ಯಗಳು. ಒಂದು ದೇವಿಯ ಕಥೆಗೆ ನಿಂತಿತು, ಇನ್ನೊಂದು ಮನುಷ್ಯರ ಕಥೆಗೆ ಹೊರಟಿತು.

ದೂರದ ಬೀದಿಯೊಂದರಲ್ಲಿ

ಇದೇ ಕಟ್ಟು ಜಗತ್ತಿನ ಇನ್ನೊಂದು ತುದಿಯಲ್ಲಿಯೂ ಹುಟ್ಟಿತು ಎಂಬುದು ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. 17ನೆಯ ಶತಮಾನದ ಆರಂಭದಲ್ಲಿ ಸ್ಪೇನ್ ಮತ್ತು ಇಟಲಿಯ ಗಿಟಾರ್ ವಾದಕರು ಹಾಡಿನ ಒಂದು ಚರಣಕ್ಕೂ ಇನ್ನೊಂದಕ್ಕೂ ನಡುವೆ ಒಂದು ಚಿಕ್ಕ ಮೀಟನ್ನು ಮತ್ತೆ ಮತ್ತೆ ನುಡಿಸುತ್ತಿದ್ದರು. ಹಾಡುಗಾರನಿಗೆ ಉಸಿರು ಸಿಗಲಿ ಎಂದೇ ಇದ್ದ ಮೀಟು ಅದು. ಸ್ಪ್ಯಾನಿಷ್‌ನಲ್ಲಿ ನಡೆಯುವುದು ಮತ್ತು ಬೀದಿ ಎಂಬ ಎರಡು ಮಾತು ಸೇರಿ ಅದಕ್ಕೆ ಹೆಸರಾಯಿತು. ಇಟಲಿಯಲ್ಲಿ ಅದು ಪಾಸಕಾಲಿಯಾ. ಬೀದಿಯಲ್ಲಿ ನಡೆಯುತ್ತ ನುಡಿಸುವ ಹಾಡು ಎಂದಷ್ಟೇ ಅರ್ಥ.

ಆ ಬೀದಿಯ ಮೀಟು ಬೇಗನೆ ದೊಡ್ಡ ವಿದ್ವಾಂಸರ ಕೈಗೆ ಬಂತು. ರೋಮಿನ ಫ್ರೆಸ್ಕೊಬಾಲ್ಡಿ 1627ರಲ್ಲಿ ಅದರ ಮೇಲೆ ಬದಲಾವಣೆಗಳನ್ನು ಕಟ್ಟಿ ಅಚ್ಚು ಮಾಡಿಸಿದ. 1637ರಲ್ಲಿ ಅದೇ ಬಗೆಯ ನೂರು ಬದಲಾವಣೆಗಳ ರಚನೆಯನ್ನೇ ಹೊರತಂದ. 1676ರ ಸುಮಾರಿಗೆ ಬೀಬರ್ ಎಂಬವನು ಒಂಟಿ ಪಿಟೀಲಿಗೆ ಬರೆದ ಪಾಸಕಾಲಿಯಾದಲ್ಲಿ ಇಳಿಯುವ ನಾಲ್ಕು ಸ್ವರಗಳಿವೆ, ಆ ನಾಲ್ಕೇ ಸ್ವರ 65 ಸಲ ಬರುತ್ತವೆ. ಅವುಗಳ ಮೇಲೆ ಒಮ್ಮೆ ಅಳು, ಒಮ್ಮೆ ಪ್ರಾರ್ಥನೆ, ಒಮ್ಮೆ ಓಟ. ಬಾಖ್ ಯೌವನದಲ್ಲಿ ಆರ್ಗನ್ ವಾದ್ಯಕ್ಕೆ ಬರೆದ ಪಾಸಕಾಲಿಯಾದಲ್ಲಿ ಪಾದದ ಪಟ್ಟಿಗಳ ಮೇಲೆ ಕೆಳದನಿಯ ಒಂದು ಸಾಲು ಒಂಟಿಯಾಗಿ ಬಂದು, ಅದರ ಮೇಲೆ 20 ಬದಲಾವಣೆಗಳು ಏರುತ್ತ ಹೋಗುತ್ತವೆ.

ನಮ್ಮಲ್ಲಿಯ ಕೇಳುಗರಿಗೆ ಇದು ಹೊಸದೇನೂ ಆಗಬೇಕಿಲ್ಲ. ಧಾರವಾಡದ ಬೈಠಕ್ಕುಗಳಲ್ಲಿ ಒಂಟಿ ತಬಲಾ ನುಡಿಸುವಾಗ ಹಾರ್ಮೋನಿಯಂ ಅಥವಾ ಸಾರಂಗಿ ಒಂದೇ ನಗ್ಮಾವನ್ನು ಗಂಟೆಗಟ್ಟಲೆ ಸುತ್ತಿಸುತ್ತದೆ. ತಬಲಾ ಅದರ ಮೇಲೆ ತನ್ನ ಲೋಕ ಕಟ್ಟುತ್ತದೆ. ಪಾಸಕಾಲಿಯಾದಲ್ಲಿ ಮರಳಿ ಬರುವುದು ಕೆಳದನಿಯ ಸಾಲು, ಲಾವಣಿಯಲ್ಲಿ ಮಾತಿನ ಪಲ್ಲ. ಎರಡೂ ಬೀದಿಯಲ್ಲಿ ಹುಟ್ಟಿದವು, ನುಡಿಗಳ ನಡುವಿನ ಬಿಡುವಿನಲ್ಲಿ ಬೆಳೆದವು. ಅಲ್ಲಿಯದು ದೊರೆಗಳ ಸಭೆ, ಚರ್ಚು, ಸಭಾಂಗಣಗಳತ್ತ ಹೋಯಿತು. ಇಲ್ಲಿಯದು ಬೀದಿಯಲ್ಲೇ ಉಳಿದು ನಾಡಿನ ಇತಿಹಾಸ ಹೊತ್ತಿತು.

1824

ಪೇಶ್ವೆಗಳ ಕಾಲದಲ್ಲಿ ಕಿತ್ತೂರು ಸಂಸ್ಥಾನ ಪುಣೆಗೆ ಕಪ್ಪ ಕೊಡುತ್ತಿತ್ತು. ದೊರೆ ಮಲ್ಲಸರ್ಜ ಪೇಶ್ವೆಯ ಸೆರೆಯಲ್ಲಿದ್ದು, 1816ರಲ್ಲಿ ತೀರಿಕೊಂಡ. ಆ ಕಾಲದ ದಂಡು, ಸಂತೆ, ಜಾತ್ರೆಗಳಲ್ಲಿ ಮರಾಠಿ ಶಾಹೀರರ ಪೋವಾಡ, ಲಾವಣಿಗಳೂ ಕನ್ನಡದ ಪದಗಳೂ ಒಂದೇ ಬಯಲಲ್ಲಿ ಕೇಳುತ್ತಿದ್ದವು. ಕನ್ನಡ ಲಾವಣಿ ಆ ಒಡನಾಟದಲ್ಲಿ ಮೈಬಲಿಸಿಕೊಂಡಿತು. ಗೀಗೀ ಮೇಳ ಅದರ ಬೆನ್ನಿಗೆ ಬಂದದ್ದು.

1824ರ ಸೆಪ್ಟೆಂಬರಿನಲ್ಲಿ ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುನ್ನ ಅವನು ತೆಗೆದುಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಖಜಾನೆಗೆ ಮೊಹರು ಹಾಕಿಸಿದ, ಸಂಸ್ಥಾನವನ್ನು ಈಸ್ಟ್ ಇಂಡಿಯಾ ಕಂಪನಿಗೆ ಸೇರಿಸಹೊರಟ. ಮಲ್ಲಸರ್ಜನ ರಾಣಿ ಚೆನ್ನಮ್ಮ ಕೋಟೆಯ ಬಾಗಿಲು ಮುಚ್ಚಿಸಿದಳು. ಅಕ್ಟೋಬರ್ 23ರಂದು ಥ್ಯಾಕರೆ ಬಾಗಿಲು ಒಡೆಸಲು ಬಂದಾಗ ಕಿತ್ತೂರಿನವರೇ ಬಾಗಿಲು ತೆರೆದು ಹೊರಗೆ ನುಗ್ಗಿದರು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಉರುಳಿದ. ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು.

ಡಿಸೆಂಬರ್ ಮೊದಲ ವಾರ ಕಂಪನಿ ದೊಡ್ಡ ಸೈನ್ಯ ತಂದಿತು. ಸೆರೆಯಾಳುಗಳನ್ನು ಬಿಟ್ಟುಕೊಟ್ಟರೂ ದಾಳಿ ನಿಲ್ಲಲಿಲ್ಲ. ಡಿಸೆಂಬರ್ 5ರಂದು ಕೋಟೆ ಬಿತ್ತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. ಅಲ್ಲಿಯೇ 1829ರಲ್ಲಿ ಆಕೆ ಕಣ್ಣುಮುಚ್ಚಿದಳು. ಸಮಾಧಿ ಇಂದಿಗೂ ಬೈಲಹೊಂಗಲದಲ್ಲಿದೆ.

ಸೆರೆಯಿಂದ ಬಿಡುಗಡೆಯಾದ ಎಲಿಯಟ್‌ನ ಮುಂದಿನ ಬದುಕು ಈ ಕಥೆಗೆ ಬೇಕು. ಕಿತ್ತೂರಿನ ಕೋಟೆಯೊಳಗೆ ನಲವತ್ತು ದಿನ ಕಳೆದ ಆ ತರುಣ ಮುಂದೆ ಕನ್ನಡ ನಾಡಿನ ಊರೂರಿನ ಶಿಲಾಶಾಸನಗಳ ನಕಲು ತೆಗೆಸಿದ. ಅವನು ಹೀಗೆ ಕೂಡಿಸಿದ ಶಾಸನಗಳು 595. ಅರ್ಧ ಶತಮಾನದ ನಂತರ ಆ ನಕಲುಗಳನ್ನು ಬಳಸಿದ ವಿದ್ವಾಂಸನೇ ಕಿತ್ತೂರು ನಾಡಿನ ಲಾವಣಿಗಳನ್ನು ಬರೆದುಕೊಂಡವನೂ ಹೌದು. ಅವನ ಹೆಸರು ಮುಂದೆ ಬರುತ್ತದೆ.

ರಾಯಣ್ಣನ ನುಡಿ

ಸಂಗೊಳ್ಳಿಯ ರಾಯಣ್ಣ ಕಿತ್ತೂರಿನ ಶೆತ್‌ಸನದಿ. ಊರ ಕಾವಲಿನ ಸೇವೆಗೆ ಪ್ರತಿಯಾಗಿ ಇನಾಮು ಭೂಮಿ ಉಣ್ಣುವ ವರ್ಗ ಅದು. ಸಂಸ್ಥಾನ ಬಿದ್ದ ಮೇಲೆ ಕಂಪನಿ ಆ ಭೂಮಿಗಳ ಮೇಲೆ ಕೈಹಾಕಿತು. ಊರ ಕುಲಕರ್ಣಿ ರಾಯಣ್ಣನ ತಾಯಿ ಕೆಂಚವ್ವಳ ಮೇಲೆ ಕಲ್ಲು ಹೊರಿಸಿದ ಎಂದು ಜನಪದ ಹೇಳುತ್ತದೆ. ಸರಕಾರದ ಕಾಗದದಲ್ಲಿ ಕಂದಾಯದ ತಕರಾರು ಎಂದು ಬರೆದಿರುವುದು ಪದದಲ್ಲಿ ತಾಯಿಯ ಬೆನ್ನ ಮೇಲಿನ ಕಲ್ಲಾಗಿದೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಮಾತ್ರ ರಾಯಣ್ಣನ ದಂಗೆಯ ಕಾರಣ ಪೂರ್ತಿ ತಿಳಿಯುತ್ತದೆ.

ರಾಯಣ್ಣ ಕಿತ್ತೂರಿನ ಆ ದತ್ತು ಮಗನನ್ನು ಗಾದಿಗೇರಿಸುವ ಹಟ ತೊಟ್ಟು ಜನ ಕೂಡಿಸಿದ. ಬೀಡಿಯ ಕಚೇರಿ ಸುಟ್ಟ. ಸಂಪಗಾವಿಯ ಖಜಾನೆಗೆ ಕೈಹಾಕಿದ. ಹಗಲು ಕಾಡಿನಲ್ಲಿ, ರಾತ್ರಿ ಕಚೇರಿಯ ಬಾಗಿಲಲ್ಲಿ. 1830ರ ಏಪ್ರಿಲ್‌ನಲ್ಲಿ ಡೋರಿ ಹಳ್ಳದಲ್ಲಿ ಸ್ನಾನಕ್ಕೆ ಇಳಿದಾಗ ನಂಬಿದವರೇ ಅವನನ್ನು ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಆಲದ ಮರಕ್ಕೆ ಅವನನ್ನು ಗಲ್ಲಿಗೇರಿಸಲಾಯಿತು. ಅವನ ಸಮಾಧಿಯ ಮೇಲೆ ಗೆಳೆಯ ಬಿಚ್ಚುಗತ್ತಿ ಚನ್ನಬಸಪ್ಪ ನೆಟ್ಟ ಸಸಿ ಬೆಳೆದು ಮರವಾಯಿತು ಎಂದು ಜನ ನಂಬುತ್ತಾರೆ. ಮಕ್ಕಳಿಲ್ಲದವರು ಇಂದಿಗೂ ಅಲ್ಲಿ ತೊಟ್ಟಿಲು ಕಟ್ಟುತ್ತಾರೆ.

ಗಲ್ಲಿಗೇರಿಸಿದ ಸರಕಾರ ಅವನ ಹೆಸರನ್ನು ಅಲ್ಲಿಗೇ ಮುಗಿಸಿತು. ಲಾವಣಿಕಾರ ಅಲ್ಲಿಂದ ಶುರು ಮಾಡಿದ. ರಾಯಣ್ಣನ ಪದ ಕೇಳಲು ಕೂತವರಿಗೆ ಕೊನೆ ಏನೆಂಬುದು ಮೊದಲೇ ಗೊತ್ತು. ಬೀಡಿಯ ಕಚೇರಿ ಉರಿಯುವ ನುಡಿ ಬಂದಾಗ ಸೀಟಿ ಬೀಳುತ್ತವೆ, ಪಲ್ಲ ಕುಣಿಯುತ್ತದೆ. ಡೋರಿ ಹಳ್ಳದ ನುಡಿಗೆ ಬರುವಾಗ ಡಪ್ಪು ತಗ್ಗುತ್ತದೆ. ನಂದಗಡದ ನುಡಿ ಮುಗಿದ ಮೇಲೆ ಹಿಮ್ಮೇಳ ಅದೇ ಪಲ್ಲ ಎತ್ತುತ್ತದೆ. ಹೊಸ ಮಾತು ಒಂದೂ ಇಲ್ಲ. ಆದರೂ ಆ ಸಾಲಿನಲ್ಲಿ ಈಗ ಒಬ್ಬ ಸತ್ತಿದ್ದಾನೆ, ಒಂದು ಸಂಸ್ಥಾನ ಮುಳುಗಿದೆ, ಕೇಳುವವರಿಗೆ ಒಂದು ಋಣ ಹುಟ್ಟಿದೆ. ಬದಲಾಗದ ಪಲ್ಲ ಹೊರಬಲ್ಲ ಭಾರ ಇಷ್ಟು.

1885

ಇಂಗ್ಲಿಷ್ ಸರಕಾರದ ನೌಕರ ಜಾನ್ ಫೇತ್‌ಫುಲ್ ಫ್ಲೀಟ್ 1867ರಲ್ಲಿ ಮುಂಬಯಿ ಪ್ರಾಂತಕ್ಕೆ ಬಂದ. 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣ ಇನ್‌ಸ್ಪೆಕ್ಟರನಾದ. ಮುಂದೆ ದಕ್ಷಿಣ ಮರಾಠಾ ಪ್ರದೇಶದಲ್ಲಿ ರಾಜಕೀಯ ಏಜೆಂಟನ ಸಹಾಯಕನಾಗಿದ್ದ, 1883ರಲ್ಲಿ ಭಾರತ ಸರಕಾರದ ಮೊದಲ ಶಾಸನತಜ್ಞನಾದ. ಎಲಿಯಟ್ ಕೂಡಿಸಿದ್ದ ಶಾಸನಗಳ ನಕಲುಗಳು ಅವನಿಗೆ ಬಲು ಒದಗಿ ಬಂದವು. ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸವನ್ನು ಆತ ಬರೆದದ್ದು ಆ ಬಲದ ಮೇಲೆ.

ಕಲ್ಲಿನ ಅಕ್ಷರ ಓದುತ್ತಿದ್ದ ಈ ಮನುಷ್ಯ ಬಾಯಿಂದ ಬಾಯಿಗೆ ನಡೆಯುತ್ತಿದ್ದ ಮಾತಿಗೂ ಕಿವಿಗೊಟ್ಟ. 1885ರಿಂದ ಕೆಲವು ವರ್ಷ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ. ಸಂಗೊಳ್ಳಿ ರಾಯಣ್ಣನ ದಂಗೆ, ಹಲಗಲಿಯ ಬೇಡರ ದಂಗೆ, ಹೊಸ ಸರ್ವೆ, ಇನ್‌ಕಂ ಟ್ಯಾಕ್ಸ್, ಬೈಲಹೊಂಗಲದ ಸಂಗ್ಯಾನ ಕೊಲೆ. ಕನ್ನಡ ಲಾವಣಿ ಅಚ್ಚಿಗೆ ಬಂದ ಆರಂಭದ ದಿನಗಳು ಅವು.

ಈ ಐದು ಹೆಸರುಗಳನ್ನು ಒಟ್ಟಿಗೆ ಓದಿದರೆ ಒಂದು ನಾಡಿನ ಅರ್ಧ ಶತಮಾನದ ಚಿತ್ರ ಕಾಣುತ್ತದೆ. ರಾಯಣ್ಣನದು ಸಂಸ್ಥಾನ ಹೋದ ನೋವು. ಹಲಗಲಿ ಮುಧೋಳ ಸೀಮೆಯ ಊರು. 1857ರಲ್ಲಿ ಹತಾರ ಒಪ್ಪಿಸಬೇಕೆಂಬ ಕಾನೂನು ಬಂದಾಗ ಅಲ್ಲಿಯ ಬೇಡರು ಕೊಡುವುದಿಲ್ಲ ಎಂದರು, ಊರೇ ಬೆಂಕಿಗೆ ಹೋಯಿತು. ಇನ್‌ಕಂ ಟ್ಯಾಕ್ಸ್ 1860ರಲ್ಲಿ, ದೇಶದ 1857ರ ದಂಗೆಯ ಖರ್ಚು ತುಂಬಲು ಬಂದದ್ದು. ಹೊಸ ಸರ್ವೆ ಎಂದರೆ ಮೂವತ್ತು ವರ್ಷಕ್ಕೆಂದು ಕಟ್ಟಿದ ಭೂಕಂದಾಯದ ಅವಧಿ ಮುಗಿದು, ಮತ್ತೆ ಸರಪಳಿ ಹಿಡಿದು ಹೊಲ ಅಳೆದು ದರ ಏರಿಸಿದ ಕಥೆ. ಕತ್ತಿಯ ಕಥೆ ಹೇಳಿದ ಅದೇ ಕಟ್ಟಿನಲ್ಲಿ ಲಾವಣಿಕಾರ ಸರ್ವೆ ಸರಪಳಿಯ ಕಥೆಯನ್ನೂ ಹೇಳಿದ. ಅವನ ದೃಷ್ಟಿಯಲ್ಲಿ ಇವೆರಡೂ ಒಂದೇ ಕಥೆಯ ಎರಡು ನುಡಿಗಳು. ಆ ತಿಳಿವು ಸರಿಯಾದದ್ದು. ಕೋಟೆ ಬಿದ್ದ ಮೇಲೆ ಆಳ್ವಿಕೆ ರೈತನ ಮನೆ ಬಾಗಿಲಿಗೆ ಬಂದದ್ದು ತೆರಿಗೆಯ ರೂಪದಲ್ಲಿ.

ಅದೇ 1885ರ ಅಕ್ಟೋಬರ್ 25ರಂದು ಜರ್ಮನಿಯ ಮೈನಿಂಗನ್ ಪಟ್ಟಣದಲ್ಲಿ ಬ್ರಾಮ್ಸ್ ತನ್ನ ನಾಲ್ಕನೆಯ ಸಿಂಫನಿಯನ್ನು ಮೊದಲ ಸಲ ನುಡಿಸಿದ. ಅದರ ಕಡೆಯ ಭಾಗ ಪಾಸಕಾಲಿಯಾ. ಬಾಖ್‌ನ ಹಳೆಯ ಹಾಡೊಂದರ ಕೆಳದನಿಯ ಸಾಲನ್ನು ತೆಗೆದುಕೊಂಡು ಅದರ ಮೇಲೆ 30 ಬದಲಾವಣೆಗಳನ್ನು ಕಟ್ಟಿದ್ದ. ಯುರೋಪಿನಲ್ಲಿ ಹಳತಾಯಿತು ಎಂದು ಜನ ಮರೆತಿದ್ದ ಕಟ್ಟಿಗೆ ಅಂದು ಮರುಜೀವ ಬಂತು. ಬ್ರಾಮ್ಸ್‌ನಿಗೆ ಬೈಲಹೊಂಗಲ ಗೊತ್ತಿರಲಿಲ್ಲ, ನಮ್ಮ ಲಾವಣಿಕಾರನಿಗೆ ಮೈನಿಂಗನ್ ಗೊತ್ತಿರಲಿಲ್ಲ. ತಿರುತಿರುಗಿ ಬರುವ ಸಾಲು ಬೇಸರ ತರುವುದಿಲ್ಲ, ಬಲ ತರುತ್ತದೆ ಎಂಬುದು ಮಾತ್ರ ಇಬ್ಬರಿಗೂ ಗೊತ್ತಿತ್ತು.

ಬೈಲಹೊಂಗಲದ ಸಂಗ್ಯಾ

ಫ್ಲೀಟ್ ಬರೆದುಕೊಂಡವುಗಳಲ್ಲಿ ಸಂಗ್ಯಾನ ಪದ ಬೇರೆ ಜಾತಿಯದು. ಇಲ್ಲಿ ರಾಣಿ ಇಲ್ಲ, ದಂಡಿಲ್ಲ. ಸಂಗ್ಯಾ ಮತ್ತು ಬಾಳ್ಯಾ ಬೈಲಹೊಂಗಲದ ಇಬ್ಬರು ಗೆಳೆಯರು. ಈರ್ಯಾ ವ್ಯಾಪಾರಸ್ಥ, ಅವನ ಹೆಂಡತಿ ಗಂಗಾ. ಸಂಗ್ಯಾ ಗಂಗಾಳ ಮೇಲೆ ಮನಸ್ಸಿಟ್ಟ, ಗುಟ್ಟು ಒಡೆಯಿತು, ಗೆಳೆಯನೇ ಕೈಬಿಟ್ಟ, ಈರ್ಯಾನ ಮನೆಯವರು ಸಂಗ್ಯಾನನ್ನು ಕೊಂದರು. 19ನೆಯ ಶತಮಾನದ ಒಂದು ಪೇಟೆ ಊರಿನ ಓಣಿಯಲ್ಲಿ ನಡೆದ ಸಂಗತಿ.

ಅಷ್ಟೇ ಆಗಿದ್ದರೆ ಕೋರ್ಟಿನ ಕಾಗದದಲ್ಲಿ ಮುಗಿಯುತ್ತಿತ್ತು. ಲಾವಣಿ ಅದನ್ನು ಎತ್ತಿಕೊಂಡಿತು. ಅಲ್ಲಿಂದ ಅದು ಸಣ್ಣಾಟವಾಯಿತು. ಪುರಾಣದ ರಾಜರು ಕಿರೀಟ ಹೊತ್ತು ಕುಣಿಯುವುದು ದೊಡ್ಡಾಟ. ನಮ್ಮ ನಿಮ್ಮಂಥವರು ದಿನದ ಉಡುಪಿನಲ್ಲಿ ಬಂದು ಮನೆಯ ಮಾತು ಆಡುವುದು ಸಣ್ಣಾಟ. ಬೈಲಹೊಂಗಲದ ಪತ್ತಾರ ಮಾಸ್ತರರ ಹೆಸರಿನೊಂದಿಗೆ ಸಂಗ್ಯಾ ಬಾಳ್ಯಾ ಆಟ ಮನೆಮಾತಾಯಿತು. ಪಾತ್ರಧಾರಿ ಹಾಡಿನ ಸಾಲು ಮುಗಿಸುತ್ತಲೇ ಹಿಮ್ಮೇಳ ಅದನ್ನು ಹಿಡಿದು ತಿರುಗಿಸುತ್ತದೆ. ಲಾವಣಿಯಲ್ಲಿ ಒಂದೇ ಬಾಯಿಂದ ಬರುತ್ತಿದ್ದ ಕಥೆ ಈಗ ನಾಲ್ಕಾರು ಬಾಯಿಗೆ ಹಂಚಿಹೋಯಿತು. ಅವುಗಳನ್ನೆಲ್ಲ ಒಂದು ದಾರದಲ್ಲಿ ಹಿಡಿದದ್ದು ಹಿಮ್ಮೇಳದ ಮರುದನಿ.

ಹಿಮ್ಮೇಳದ ಈ ಕೆಲಸದಲ್ಲಿ ಒಂದು ನ್ಯಾಯವಿದೆ. ಸಂಗ್ಯಾ ಹಾಡಿದ ಸಾಲನ್ನೂ ಈರ್ಯಾ ಹಾಡಿದ ಸಾಲನ್ನೂ ಗಂಗಾಳ ಸಾಲನ್ನೂ ಅದು ಒಂದೇ ಪ್ರೀತಿಯಿಂದ ಮರಳಿ ಹೇಳುತ್ತದೆ. ತೀರ್ಪು ಕೊಡುವುದಿಲ್ಲ. ಊರಿನವರು ರಾತ್ರಿಯಿಡೀ ಕೂತು ಕೇಳಿ, ತಪ್ಪು ಯಾರದು ಎಂದು ಮನೆಗೆ ಹೋಗುವ ದಾರಿಯಲ್ಲಿ ವಾದ ಮಾಡಬೇಕು. ಗೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು 1966ರಲ್ಲಿ ಈ ಆಟವನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ ಅದು ನಗರದ ರಂಗಭೂಮಿಗೂ ಹೋಯಿತು. ಆದರೆ ಆ ವಾದ ಇನ್ನೂ ಮುಗಿದಿಲ್ಲ.

ಸವಾಲು, ಜವಾಬು, ಚಳವಳಿ

ಸಂಗ್ಯಾನ ಪದ ಊರೂರಲ್ಲಿ ಕೇಳುತ್ತಿದ್ದ ಕಾಲಕ್ಕೆ ಮೇಳಗಳು ಎರಡು ಪಕ್ಷ ಕಟ್ಟಿಕೊಂಡಿದ್ದವು. ಹರದೇಶಿಯವರು ಗಂಡು ಹೆಚ್ಚು, ಶಿವ ಹೆಚ್ಚು ಎನ್ನುವವರು. ಅವರ ಗುರುತು ತುರಾಯಿ. ನಾಗೇಶಿಯವರು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎನ್ನುವವರು. ಅವರದು ಕಲ್ಗಿ. ಒಂದು ಮೇಳ ಸವಾಲು ಹಾಕಿದರೆ ಇನ್ನೊಂದು ಅದೇ ಧಾಟಿಯಲ್ಲಿ ಜವಾಬು ಕೊಡಬೇಕು. ಧಾಟಿ ಬಿಟ್ಟರೆ ಸೋತ ಹಾಗೆ. ಹೀಗೆ ಒಂದೇ ಪಲ್ಲದ ಮೇಲೆ ಎರಡು ಎದುರಾಳಿ ಮಾತುಗಳು ನಿಂತವು. ಹೆಣ್ಣಿನ ಪಕ್ಷ ವಹಿಸಿ ಹೆಂಗಸರೇ ಸಾವಿರ ಜನರ ಮುಂದೆ ನಿಂತು ಶಾಸ್ತ್ರ ಪುರಾಣ ಎತ್ತಿ ಗಂಡು ಮೇಳಕ್ಕೆ ಉತ್ತರ ಕೊಟ್ಟದ್ದು ಈ ನಾಡಿನ ಸಾರ್ವಜನಿಕ ಬದುಕಿನ ದೊಡ್ಡ ಸಂಗತಿ. ನಮ್ಮ ಇತಿಹಾಸದ ಪುಸ್ತಕಗಳು ಅದಕ್ಕೆ ಕೊಟ್ಟ ಜಾಗ ಸಾಲದು.

1924ರ ಡಿಸೆಂಬರಿನಲ್ಲಿ, ಕಿತ್ತೂರು ಕೋಟೆ ಬಿದ್ದು ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲಿ, ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ಸೇರಿತು. ಗೀಗೀ ಮೇಳಗಳು ಚಳವಳಿಗೆ ಇಳಿದವು. ಖಾದಿ, ಚರಕ, ಕರನಿರಾಕರಣೆ ನುಡಿಗಳಾದವು. ಸಭೆಗೆ ಪರವಾನಗಿ ಬೇಕಿದ್ದ ಕಾಲದಲ್ಲಿ ಮೇಳಕ್ಕೆ ಜಾತ್ರೆಯೇ ಪರವಾನಗಿ. ಪೊಲೀಸರು ಬಂದು ಕೂತರೂ ಅವರ ಕಿವಿಗೆ ಬೀಳುವುದು ಹಳೆಯ ವೀರನ ಕಥೆ. ಪಲ್ಲ ಎತ್ತುವ ಸಾವಿರ ಬಾಯಿಗಳಿಗೆ ಮಾತ್ರ ಅದು ಇಂದಿನ ಮಾತು ಎಂದು ಗೊತ್ತು.

ಬಾಯಿಬಿಟ್ಟು ಹೇಳಲಾಗದ್ದನ್ನು ಹಾಡಿನ ಕಟ್ಟು ಹೀಗೆ ಹೊತ್ತು ನಡೆದ ಉದಾಹರಣೆ ಪಾಸಕಾಲಿಯಾದ ಚರಿತ್ರೆಯಲ್ಲೂ ಇದೆ. ರಷ್ಯಾದ ಶೋಸ್ತಕೋವಿಚ್ 1947-48ರಲ್ಲಿ ಬರೆದ ಪಿಟೀಲು ಕಾನ್ಸರ್ಟೊದ ಮೂರನೆಯ ಭಾಗ ಪಾಸಕಾಲಿಯಾ. ಸ್ಟಾಲಿನ್ ಬದುಕಿರುವವರೆಗೆ ಅದನ್ನು ಹೊರಗೆ ತರಲು ಆಗಲಿಲ್ಲ. 1955ರಲ್ಲಿ ಅದು ಲೆನಿನ್‌ಗ್ರಾಡಿನಲ್ಲಿ ಕೇಳಿದಾಗ, ಕೆಳಗೆ ಕದಲದೆ ನಡೆಯುವ ಆ ಸಾಲಿನ ಮೇಲೆ ಒಂಟಿ ಪಿಟೀಲು ಏನು ಹೇಳುತ್ತಿದೆ ಎಂದು ಸಭೆಗೆ ವಿವರಿಸಬೇಕಾಗಿರಲಿಲ್ಲ.

ಅಚ್ಚು, ಆಕಾಶವಾಣಿ, ಇಂದು

ವಿಜಯಪುರ ಸೀಮೆಯ ಹಲಸಂಗಿ ಗೆಳೆಯರು 1933ರಲ್ಲಿ ಜೀವನ ಸಂಗೀತ ಎಂಬ ಲಾವಣಿ ಸಂಕಲನ ತಂದರು. ಫ್ಲೀಟ್‌ನಂಥ ಪರದೇಶದವನು ಶುರು ಮಾಡಿದ ಕೆಲಸವನ್ನು ಆ ಮಣ್ಣಿನ ಮಕ್ಕಳೇ ಕೈಗೆತ್ತಿಕೊಂಡರು. ಬಳಿಕ ಬಿ. ಎಸ್. ಗದ್ದಗಿಮಠರು ಜನಪದ ಗೀತೆಗಳ ಮೇಲೆ ಸಂಶೋಧನೆ ನಡೆಸಿದರು, ಸಂಗ್ರಹ ಮಾಡಿದರು. ಹಲಗಲಿಯ ಬೇಡರ ಲಾವಣಿ ಶಾಲೆಯ ಪಠ್ಯವಾಯಿತು. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಡಪ್ಪು, ತುಂತುಣಿಗಳು ರೇಡಿಯೊದಲ್ಲಿ ಕೇಳತೊಡಗಿದವು. ಕುಟುಂಬ ಯೋಜನೆ, ಸಾಕ್ಷರತೆ, ಹೊಸ ಬೀಜ, ಲಸಿಕೆ, ಎಲ್ಲಕ್ಕೂ ಸರಕಾರ ಗೀಗೀ ಮೇಳಗಳನ್ನು ಕರೆಯಿತು. ಒಂದು ಕಾಲಕ್ಕೆ ಇನ್‌ಕಂ ಟ್ಯಾಕ್ಸಿನ ವಿರುದ್ಧ ಹಾಡಿದ ಕಟ್ಟಿನಲ್ಲಿ ಸರಕಾರದ ಯೋಜನೆಗಳು ಬಂದವು. ಪಲ್ಲ ಅದನ್ನೂ ತಳ್ಳಲಿಲ್ಲ.

1961ರಲ್ಲಿ ಕಿತ್ತೂರು ಚೆನ್ನಮ್ಮ ಚಲನಚಿತ್ರ, 2012ರಲ್ಲಿ ಸಂಗೊಳ್ಳಿ ರಾಯಣ್ಣನ ಚಲನಚಿತ್ರ ಬಂದವು. ಪ್ರತಿ ಅಕ್ಟೋಬರ್ 23ಕ್ಕೆ ಕಿತ್ತೂರು ಉತ್ಸವ ನಡೆಯುತ್ತದೆ. 2024ರಲ್ಲಿ ವಿಜಯಕ್ಕೆ 200 ವರ್ಷ ತುಂಬಿತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಚೆನ್ನಮ್ಮ, ರಾಯಣ್ಣರ ಹೆಸರು ಸಿನಿಮಾ ಬರುವವರೆಗೆ, ಪ್ರತಿಮೆ ಏಳುವವರೆಗೆ, ಸರಕಾರ ನೆನೆಯುವವರೆಗೆ ಯಾರ ಬಾಯಲ್ಲಿ ಜೀವ ಹಿಡಿದಿತ್ತು ಎಂಬುದನ್ನು ಉತ್ಸವದ ವೇದಿಕೆಯ ಮೇಲೆ ನಿಂತು ಹೇಳಬೇಕು. ದಿನಗೂಲಿ ಮುಗಿಸಿ ರಾತ್ರಿ ಡಪ್ಪು ಕಾಯಿಸಿಕೊಂಡ ಹಾಡುಗಾರರ ಬಾಯಲ್ಲಿ ಅದು ನೂರು ವರ್ಷಕ್ಕಿಂತ ಹೆಚ್ಚು ಕಾಲ ಇತ್ತು.

ಅಚ್ಚಿನ ಪುಸ್ತಕಗಳು ಲಾವಣಿಯನ್ನು ಉಳಿಸಿದವು, ನಿಜ. ಒಂದು ಕೊರತೆಯನ್ನೂ ತಂದವು. ಪುಟದಲ್ಲಿ ಪಲ್ಲ ಒಂದು ಸಲ ಅಚ್ಚಾಗುತ್ತದೆ. ಮುಂದೆ ಪ್ರತಿ ನುಡಿಯ ಕೊನೆಗೆ ಅದರ ಮೊದಲ ಪದ ಹಾಕಿ ಚುಕ್ಕೆ ಇಡುತ್ತಾರೆ, ಕೆಲವೆಡೆ ಅದೂ ಇಲ್ಲ. ಕಾಗದ ಉಳಿಯುತ್ತದೆ. ಓದುವವನು ಒಂದು ನುಡಿಯಿಂದ ಇನ್ನೊಂದಕ್ಕೆ ಹಾರಿಹೋಗುತ್ತಾನೆ. ಬೀಡಿಯ ಜಯಕ್ಕೂ ನಂದಗಡದ ಗಲ್ಲಿಗೂ ನಡುವೆ ಆ ಸಾಲು ಎಷ್ಟು ಸಲ ಬಂತು, ಬಂದಾಗಲೆಲ್ಲ ಡಪ್ಪು ಹೇಗೆ ತಗ್ಗಿತು, ಹಿಮ್ಮೇಳ ಎಲ್ಲಿ ಎಳೆಯಿತು ಎಂಬುದು ಅವನಿಗೆ ತಿಳಿಯುವುದಿಲ್ಲ. ಲಾವಣಿಯ ಪ್ರಾಣವೇ ಅಲ್ಲಿರುವುದು. ವೇದಿಕೆಯ ಮೇಲೆ ಹತ್ತು ನಿಮಿಷ ಕೊಟ್ಟು ಎರಡು ನುಡಿ ಹಾಡಿಸಿ ಶಾಲು ಹೊದಿಸಿ ಕಳಿಸಿದಾಗಲೂ ಆಗುವುದು ಇದೇ ಹಾನಿ. ಬೀಬರ್‌ನ ನಾಲ್ಕು ಸ್ವರಗಳನ್ನು 65 ಸಲದ ಬದಲು ಮೂರು ಸಲ ನುಡಿಸಿ ನಿಲ್ಲಿಸಿದರೆ ಉಳಿಯುವುದೇನು?

ಆದ್ದರಿಂದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಶಾಲೆ ಕಾಲೇಜುಗಳ ಶಿಕ್ಷಕರಿಗೆ, ಓದುವ ಮಕ್ಕಳಿಗೆ ಒಂದು ವಿನಂತಿ. ನಿಮ್ಮ ಊರಿನಲ್ಲಿ, ಪಕ್ಕದ ಊರಿನಲ್ಲಿ ಇನ್ನೂ ಡಪ್ಪು ಹಿಡಿಯುವವರು, ಚೌಡಿಕೆ ಮಿಡಿಯುವವರು ಇದ್ದಾರೆ. ಕೈಯಲ್ಲಿ ಮೊಬೈಲ್ ಇದೆ. ಹೋಗಿ, ಕೂತು, ಒಂದು ಪದವನ್ನು ಮೊದಲಿನಿಂದ ಕಡೆಯ ಅಂಕಿತದವರೆಗೆ ಧ್ವನಿಮುದ್ರಣ ಮಾಡಿಕೊಳ್ಳಿ. ನಡುವೆ ನಿಲ್ಲಿಸಬೇಡಿ. ಬರೆದುಕೊಳ್ಳುವಾಗ ಪ್ರತಿ ನುಡಿಯ ಕೊನೆಗೆ ಪಲ್ಲವನ್ನು ಪೂರ್ತಿ ಬರೆಯಿರಿ. ಅದು ಇಪ್ಪತ್ತು ಸಲ ಬಂದರೆ ಇಪ್ಪತ್ತು ಸಲವೂ ಬರೆಯಿರಿ.